ಹಳಿಯ ಮುಂದೆ ಕಣ್ಣು ಹೇಳುವ ಸುಳ್ಳು

ಹೈದರಾಬಾದಿನ ಬೇಗಂ ಬಜಾರ್‌ನಲ್ಲಿ ಬೆಳಗಿನ ಹತ್ತು ಗಂಟೆಯ ಮೇಲೆ ಬರಿಗೈಯಲ್ಲಿ ನಡೆಯುವವರು ಕಡಿಮೆ. ಹಿತ್ತಾಳೆ ಕೊಡಗಳ ಗೊಂಚಲು, ಸ್ಟೀಲ್ ಡಬ್ಬಿಗಳ ಕಟ್ಟು, ಖರ್ಜೂರದ ಪೆಟ್ಟಿಗೆ, ಗೋಡಂಬಿ ಚೀಲ, ಪ್ಲಾಸ್ಟಿಕ್ ಬಕೆಟ್‌ಗಳ ಗೋಪುರ, ಎಲ್ಲವೂ ಯಾರದಾದರೂ ತಲೆಯ ಮೇಲೋ ತಳ್ಳುಗಾಡಿಯ ಮೇಲೋ ಸ್ಕೂಟರಿನ ಹಿಂಬದಿಗೋ ಏರಿರುತ್ತದೆ. ಎರಡನೇ ನಿಜಾಮ ನಿಜಾಮ್ ಅಲಿ ಖಾನನ ಪತ್ನಿ ಹಮ್ದಾ ಬೇಗಂ ವ್ಯಾಪಾರಿಗಳಿಗೆ ಕೊಟ್ಟ ಜಾಗದಲ್ಲಿ ಬೆಳೆದ ಪೇಟೆ ಇದು. ಇಲ್ಲಿಂದ ಹೊರಡುವ ಸರಕಿನಲ್ಲಿ ಒಂದು ಪಾಲು ಬೀದರ್, ಕಲಬುರಗಿ, ಸೇಡಂ, ರಾಯಚೂರು ಕಡೆಯ ಕನ್ನಡ ಊರುಗಳ ಅಂಗಡಿಗೆ ಸೇರುತ್ತದೆ. ಮದುವೆಯ ಪಾತ್ರೆ ಪಡಗ ಕೊಳ್ಳಲು ನಮ್ಮ ಕಡೆಯವರು ತಲೆಮಾರುಗಳಿಂದ ಇಲ್ಲಿಗೇ ಬರುತ್ತಿದ್ದಾರೆ.

ಅವರನ್ನು ಇಲ್ಲಿಗೆ ತಂದದ್ದು ರೈಲು. ಕಲಬುರಗಿ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದ್ದು 1874ರಲ್ಲಿ. ಬೇಗಂ ಬಜಾರ್‌ಗೆ ಹತ್ತಿರದ ನಾಂಪಲ್ಲಿ ನಿಲ್ದಾಣ 1907ರದು, ಕಾಚಿಗುಡದ್ದು 1916ರದು. ಕನ್ನಡದ ನೃಪತುಂಗ ಶಾಲೆ ಇರುವುದೂ ಅದೇ ಕಾಚಿಗುಡದಲ್ಲಿ. ಬಜಾರ್‌ನ ಓಣಿಗಳ ಒಳಗೆ ಹಳಿ ಹಾದುಹೋಗಿಲ್ಲ. ನಗರದೊಳಗೆ ಮಲಕ್‌ಪೇಟೆಯಂಥ ಕಡೆಗಳಲ್ಲಿ ರಸ್ತೆ ಹಳಿಯ ಕೆಳಗೇ ನುಸುಳಿ ಹೋಗುತ್ತದೆ. ಆದರೆ ಸರಕು ಊರು ಮುಟ್ಟುವುದರೊಳಗೆ ಎಲ್ಲಿಯೋ ಒಂದು ಕಡೆ ಹಳಿ ಎದುರಾಗುತ್ತದೆ. ಅದು ಹಳ್ಳಿಯ ರೈಲ್ವೆ ಗೇಟು ಇರಬಹುದು, ಸಣ್ಣ ನಿಲ್ದಾಣದಲ್ಲಿ ಇಳಿದು ಮೇಲ್ಸೇತುವೆ ಹತ್ತಲಾರದೆ ಗಂಟು ಹೊತ್ತು ನೇರ ದಾಟುವ ಒಳದಾರಿ ಇರಬಹುದು. ಆ ಹತ್ತು ಹೆಜ್ಜೆಯಲ್ಲಿ ಮನುಷ್ಯನ ಕಣ್ಣು, ಕಿವಿ, ಲೆಕ್ಕಾಚಾರ ಮೂರೂ ಅವನಿಗೆ ತಪ್ಪು ಮಾಹಿತಿ ಕೊಡುತ್ತವೆ. ಈ ಅಧ್ಯಾಯ ಅದರ ಬಗ್ಗೆ.

ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ಉನ್ನತ ಮಟ್ಟದ ಸುರಕ್ಷತಾ ಸಮಿತಿ 2012ರಲ್ಲಿ ಕೊಟ್ಟ ವರದಿಯಲ್ಲಿ ಒಂದು ಅಂಕಿ ಇದೆ. ಭಾರತದಲ್ಲಿ ಹಳಿ ದಾಟುವಾಗ ಆಗ ವರ್ಷಕ್ಕೆ ಸುಮಾರು 15,000 ಜನ ಸಾಯುತ್ತಿದ್ದರು. ಅವರಲ್ಲಿ ಸುಮಾರು 6,000 ಮಂದಿ ಮುಂಬಯಿಯ ಉಪನಗರ ಮಾರ್ಗಗಳಲ್ಲಿ. ಸಮಿತಿ ಇದನ್ನು ಹತ್ಯಾಕಾಂಡ ಎಂದೇ ಕರೆಯಿತು. ಸತ್ತವರೆಲ್ಲ ಹುಂಬರಾಗಿದ್ದರು, ಕುಡಿದಿದ್ದರು, ಸಾಯಲೆಂದೇ ಹೋಗಿದ್ದರು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಾನು ಅದನ್ನು ಒಪ್ಪುವುದಿಲ್ಲ. ಬಹಳಷ್ಟು ಜನ ರೈಲನ್ನು ನೋಡಿದ್ದರು. ನೋಡಿ, ಅಳೆದು, ಸಮಯ ಇದೆ ಎಂದು ತೀರ್ಮಾನಿಸಿ ಕಾಲಿಟ್ಟಿದ್ದರು. ಬೀದರ್ ಕಡೆಯ ಯಾವ ಗೇಟಿನ ಬಳಿ ನಿಂತರೂ ಆ ಮಾತು ಕೇಳುತ್ತದೆ: ‘ಇನ್ನಾ ದೂರ ಅದ, ನಡೀರಿ ಹೋಗಮು.’

ದೂರ ಇರುವುದು ನಿಜ. ಎಷ್ಟು ದೂರ, ಎಷ್ಟು ಬೇಗ ಬರುತ್ತಿದೆ ಎಂಬುದನ್ನು ಕಣ್ಣು ಹೇಗೆ ಅಳೆಯುತ್ತದೆ ಎಂದು ನೋಡಿದರೆ ಈ ಮಾತಿನ ಅಪಾಯ ತಿಳಿಯುತ್ತದೆ.

ಎದುರಿಗೆ ಅಡ್ಡವಾಗಿ ಹಾದುಹೋಗುವ ವಸ್ತುವಿನ ವೇಗ ನಮಗೆ ಚೆನ್ನಾಗಿ ಗೊತ್ತಾಗುತ್ತದೆ. ಅದು ಹಿನ್ನೆಲೆಯ ಮರ, ಕಂಬಗಳನ್ನು ಒಂದೊಂದಾಗಿ ದಾಟುತ್ತ ಹೋಗುತ್ತದೆ. ನೇರ ನಮ್ಮತ್ತಲೇ ಬರುವ ವಸ್ತು ಹಾಗೆ ಎಡಕ್ಕಾಗಲಿ ಬಲಕ್ಕಾಗಲಿ ಸರಿಯುವುದಿಲ್ಲ. ಇದ್ದಲ್ಲೇ ದೊಡ್ಡದಾಗುತ್ತದೆ, ಅಷ್ಟೆ. ಅದರ ಆಕಾರ ಎಷ್ಟು ಬೇಗ ಹಿಗ್ಗುತ್ತಿದೆ ಎಂಬುದೊಂದೇ ಕಣ್ಣಿಗೆ ಸಿಗುವ ಸುಳಿವು. ಹಳಿಯ ಅಂಚಿನಲ್ಲಿ ನಿಂತವನಿಗೆ ರೈಲು ಹೆಚ್ಚು ಕಡಿಮೆ ನೇರವಾಗಿಯೇ ಬರುತ್ತಿರುತ್ತದೆ.

ನಮ್ಮ ಬ್ರಾಡ್‌ಗೇಜ್ ರೈಲಿನ ಮುಖ ಮೂರೂಕಾಲು ಮೀಟರ್‌ನಷ್ಟು ಅಗಲ. ಒಂದು ಕಿಲೋಮೀಟರ್ ದೂರದಲ್ಲಿ ಅದು ಕಣ್ಣಿಗೆ ಡಿಗ್ರಿಯ ಐದನೇ ಒಂದು ಭಾಗಕ್ಕಿಂತ ಕಿರಿದಾಗಿ ಕಾಣುತ್ತದೆ. ಗಂಟೆಗೆ 100 ಕಿ.ಮೀ. ವೇಗದ ರೈಲು ಆ ಒಂದು ಕಿಲೋಮೀಟರನ್ನು 36 ಸೆಕೆಂಡಿನಲ್ಲಿ ಮುಗಿಸುತ್ತದೆ. ಮೊದಲ 18 ಸೆಕೆಂಡಿನಲ್ಲಿ ಅರ್ಧ ದಾರಿ ಕಳೆದಿರುತ್ತದೆ, ಆದರೂ ಆಕಾರ ಎರಡು ಪಟ್ಟು ಮಾತ್ರ ಆಗಿರುತ್ತದೆ. ಅಂದರೆ ಇನ್ನೂ ಹುಣ್ಣಿಮೆಯ ಚಂದ್ರನಿಗಿಂತ ಕಿರಿದು. ಚಂದ್ರನಷ್ಟು ಅಗಲ ಆಗುವುದು ಸುಮಾರು 370 ಮೀಟರ್ ಹತ್ತಿರ ಬಂದಾಗ. ಆಗ ಉಳಿದಿರುವುದು 13 ಸೆಕೆಂಡು. ಚಂದ್ರನಷ್ಟು ಚಿಕ್ಕದಾಗಿ ಕಾಣುವ ಒಂದು ವಸ್ತು 13 ಸೆಕೆಂಡಿನಲ್ಲಿ ಮೈಮೇಲೆ ಬರುತ್ತದೆ ಎಂದು ಯಾವ ಕಣ್ಣು ತಾನೇ ಹೇಳೀತು?

ಹಿಗ್ಗುವ ವೇಗಕ್ಕೆ ಒಂದು ಕ್ರೂರ ಗಣಿತವಿದೆ. ಅದು ದೂರದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ದೂರ ಅರ್ಧವಾದರೆ ಹಿಗ್ಗುವ ವೇಗ ನಾಲ್ಕು ಪಟ್ಟು, ದೂರ ಹತ್ತನೇ ಒಂದು ಭಾಗಕ್ಕಿಳಿದರೆ ನೂರು ಪಟ್ಟು. ಹೀಗಾಗಿ ರೈಲು ಬಹಳ ಹೊತ್ತು ನಿಂತ ಹಾಗೇ ಕಾಣುತ್ತದೆ, ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಒಮ್ಮೆಗೇ ಉಬ್ಬಿ ಮುಖಕ್ಕೆ ಅಪ್ಪಳಿಸುತ್ತದೆ. ವಾಹನ ಚಾಲಕರ ಮೇಲೆ ನಡೆದ ಪ್ರಯೋಗಗಳ ಪ್ರಕಾರ, ಎದುರಿನ ವಸ್ತು ಸೆಕೆಂಡಿಗೆ ಸುಮಾರು ಡಿಗ್ರಿಯ ಆರನೇ ಒಂದು ಭಾಗದಷ್ಟಾದರೂ ಹಿಗ್ಗದಿದ್ದರೆ ಅದರ ವೇಗ ನಮಗೆ ಸರಿಯಾಗಿ ತಿಳಿಯುವುದಿಲ್ಲ. ನೂರರ ವೇಗದ ರೈಲಿಗೆ ಈ ಲೆಕ್ಕ ಹಾಕಿದರೆ ಸಿಗುವ ಉತ್ತರ ಸುಮಾರು 170 ಮೀಟರ್. ರೈಲು ಅಷ್ಟು ಹತ್ತಿರ ಬರುವವರೆಗೆ ಅದರ ವೇಗದ ಬಗ್ಗೆ ನಮಗಿರುವುದು ಊಹೆ ಮಾತ್ರ. ಅಲ್ಲಿಂದ ಹಳಿ ದಾಟುವ ಜಾಗಕ್ಕೆ ಅದಕ್ಕೆ ಬೇಕಾದದ್ದು ಆರು ಸೆಕೆಂಡು.

ಈಗ ದಾಟುವವನ ಕಡೆಯಿಂದ ಲೆಕ್ಕ ಹಾಕಿ. ನಮ್ಮ ಹಳಿಯ ಅಗಲ 1,676 ಮಿಲಿಮೀಟರ್. ಎರಡೂ ಬದಿಗೆ ಮೂರು ಮೂರು ಮೀಟರ್ ಸುರಕ್ಷಿತ ಅಂತರ ಸೇರಿಸಿದರೆ ಒಂಟಿ ಹಳಿ ದಾಟಲು ಎಂಟು ಮೀಟರ್ ನಡೆಯಬೇಕು. ಜೋಡಿ ಹಳಿಯಾದರೆ ಸುಮಾರು ಹದಿಮೂರು. ತಲೆಯ ಮೇಲೆ ಪಾತ್ರೆಗಳ ಕಟ್ಟು ಹೊತ್ತವರು ಜಲ್ಲಿಯ ಮೇಲೆ ಸೆಕೆಂಡಿಗೆ ಒಂದು ಮೀಟರ್ ನಡೆದರೆ ಹೆಚ್ಚು. ಹದಿಮೂರು ಸೆಕೆಂಡು ಬೇಕು ಅವರಿಗೆ. ಕಣ್ಣು ನಿಜ ಹೇಳುವುದು ಕೊನೆಯ ಆರರಲ್ಲಿ. ಉಳಿದ ಏಳು ಸೆಕೆಂಡು ಅವರು ಊಹೆಯ ಮೇಲೆ ನಡೆದಿರುತ್ತಾರೆ.

ಇಷ್ಟೂ ಸಾಲದೆಂಬಂತೆ ಇನ್ನೊಂದು ಭ್ರಮೆ ಸೇರಿಕೊಳ್ಳುತ್ತದೆ. ಅಮೆರಿಕದ ಮನೋವಿಜ್ಞಾನಿ ಹರ್ಷಲ್ ಲೈಬೊವಿಟ್ಜ್ 1985ರಲ್ಲಿ ಒಂದು ಲೇಖನ ಬರೆದರು. ವಿಮಾನ ನಿಲ್ದಾಣದ ಹತ್ತಿರ ನಿಂತು ನೋಡಿದರೆ ದೊಡ್ಡ ಜಂಬೊ ವಿಮಾನ ತೇಲುತ್ತಿರುವಂತೆ ಕಾಣುತ್ತದೆ, ಅದಕ್ಕಿಂತ ನಿಧಾನವಾದ ಚಿಕ್ಕ ವಿಮಾನ ಭರ್ರನೆ ಹಾರಿದಂತೆ ಕಾಣುತ್ತದೆ. ವಸ್ತು ದೊಡ್ಡದಾದಷ್ಟೂ ಅದರ ವೇಗ ಕಡಿಮೆ ಎಂದು ಮಿದುಳು ಎಣಿಸುತ್ತದೆ, ರೈಲಿನ ವಿಷಯದಲ್ಲೂ ಹೀಗೇ ಆಗುತ್ತಿರಬೇಕು ಎಂಬುದು ಅವರ ವಾದ. ಬಹಳ ಕಾಲ ಅದು ಊಹೆಯಾಗಿಯೇ ಉಳಿಯಿತು. 2013ರಲ್ಲಿ ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದ ಹೆಲೆನ್ ಕ್ಲಾರ್ಕ್ ಮತ್ತು ಸಂಗಡಿಗರು ಇದನ್ನು ಪ್ರಯೋಗಕ್ಕೆ ಒಡ್ಡಿದರು. ಪರದೆಯ ಮೇಲೆ ರೈಲು ಮತ್ತು ಕಾರು ಹತ್ತಿರ ಬರುವ ದೃಶ್ಯ ತೋರಿಸಿದಾಗ, ಎರಡೂ ಒಂದೇ ವೇಗದಲ್ಲಿದ್ದರೂ ನೋಡುಗರಿಗೆ ರೈಲು ನಿಧಾನವಾಗಿ ಕಂಡಿತು.

ರಾತ್ರಿ ಇನ್ನೂ ಕಷ್ಟ. ಆಗ ರೈಲಿನ ಮುಖವೇ ಕಾಣುವುದಿಲ್ಲ, ಕಾಣುವುದು ಕಣ್ಣು ಕುಕ್ಕುವ ಒಂದು ದೀಪ. ದೂರದ ದೀಪ ಹಿಗ್ಗುವುದಿಲ್ಲ, ಬೆಳಗುತ್ತದೆ ಅಷ್ಟೆ. ಎರಡು ಕಿಲೋಮೀಟರ್ ಆಚೆಯ ದೀಪಕ್ಕೂ ಅರ್ಧ ಕಿಲೋಮೀಟರ್ ಆಚೆಯ ದೀಪಕ್ಕೂ ಕತ್ತಲಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಹಳಿಯ ಬದಿಯಲ್ಲಿ ಅಕ್ಷರಶಃ ಅನ್ವಯಿಸುತ್ತದೆ, ಆದರೆ ಪ್ರಮಾಣಿಸಿ ನೋಡಲು ಬೇಕಾದ ಸಮಯ ಅಲ್ಲಿರುವುದಿಲ್ಲ.

‘ಡ್ರೈವರ್ ನೋಡಿ ನಿಲ್ಲಿಸುತ್ತಾನೆ ಬಿಡಿ’ ಎನ್ನುವವರಿದ್ದಾರೆ. ಲೋಕೊ ಪೈಲಟ್ ನೋಡುತ್ತಾರೆ, ನಿಲ್ಲಿಸಲು ಒದ್ದಾಡುತ್ತಾರೆ. ನಿಲ್ಲಿಸಲಾಗುವುದಿಲ್ಲ. ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಮುಟ್ಟುವ ಜಾಗ ನಮ್ಮ ಕಿರುಬೆರಳಿನ ಉಗುರಿನಷ್ಟು. ಇಂಥ ಸಣ್ಣ, ನುಣುಪಾದ, ಗಟ್ಟಿ ಸ್ಪರ್ಶದಿಂದಲೇ ರೈಲು ಇಷ್ಟು ಕಡಿಮೆ ಶಕ್ತಿಯಲ್ಲಿ ಇಷ್ಟು ಭಾರ ಎಳೆಯುತ್ತದೆ. ರಸ್ತೆಯ ಮೇಲೆ ರಬ್ಬರ್ ಟೈರು ಉರುಳಲು ತೋರುವ ಪ್ರತಿರೋಧಕ್ಕೆ ಹೋಲಿಸಿದರೆ ರೈಲಿನದು ಹಲವು ಪಟ್ಟು ಕಡಿಮೆ. ಓಡುವಾಗ ವರವಾಗುವ ಈ ಗುಣ ನಿಲ್ಲುವಾಗ ಶಾಪ. ಒಣ ರಸ್ತೆಯಲ್ಲಿ ರಬ್ಬರಿನ ಘರ್ಷಣಾಂಕ 0.7ರ ಆಸುಪಾಸು ಇದ್ದರೆ ಹಳಿಯ ಮೇಲೆ ಉಕ್ಕಿನದು ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಮಳೆ, ಎಣ್ಣೆ, ತರಗೆಲೆ ಇದ್ದರೆ 0.1ಕ್ಕೆ ಇಳಿಯುತ್ತದೆ. ಎಂಜಿನ್‌ಗಳಲ್ಲಿ ಮರಳಿನ ಡಬ್ಬಿ ಇರುವುದು ಇದಕ್ಕೇ. ಗಾಲಿ ಜಾರಿದಾಗ ಹಳಿಯ ಮೇಲೆ ಮರಳು ಉದುರಿಸಿ ಹಿಡಿತ ತಂದುಕೊಳ್ಳುತ್ತಾರೆ.

ಗಂಟೆಗೆ 100 ಕಿ.ಮೀ. ವೇಗದ ಕಾರು ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದರೆ 55 ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ ವೇಗದ ಪ್ರಯಾಣಿಕರ ರೈಲಿಗೆ 400ರಿಂದ 800 ಮೀಟರ್ ಬೇಕು. ಉದ್ದದ ಗೂಡ್ಸ್ ರೈಲಿನಲ್ಲಿ ಬ್ರೇಕಿನ ಆದೇಶ ಗಾಳಿಯ ಒತ್ತಡದ ಅಲೆಯಾಗಿ ಕೊಳವೆಯ ಮೂಲಕ ಕೊನೆಯ ವ್ಯಾಗನ್ ಮುಟ್ಟಲೇ ಕೆಲವು ಸೆಕೆಂಡು ಹಿಡಿಯುತ್ತದೆ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದಂದಿನಿಂದ ಬ್ರೇಕು ಎಷ್ಟೋ ಸುಧಾರಿಸಿದೆ, ಉಕ್ಕು ಮಾತ್ರ ಅದೇ ಉಕ್ಕು. ನಾವು ಮೇಲೆ ಲೆಕ್ಕ ಹಾಕಿದ 170 ಮೀಟರ್ ದೂರದಲ್ಲಿ ಪೈಲಟ್ ತುರ್ತು ಬ್ರೇಕ್ ಹಾಕಿದರು ಎನ್ನಿ. ದಾಟುವವನಿರುವ ಜಾಗಕ್ಕೆ ಬಂದಾಗಲೂ ರೈಲಿನ ವೇಗ 75 ಕಿ.ಮೀ.ಗಿಂತ ಹೆಚ್ಚೇ ಇರುತ್ತದೆ. ಪಕ್ಕಕ್ಕೆ ತಿರುಗಿಸಲು ಅವರ ಕೈಯಲ್ಲಿ ಚುಕ್ಕಾಣಿಯೂ ಇಲ್ಲ. ಅಪಘಾತದ ನಂತರ ಎಷ್ಟೋ ಲೋಕೊ ಪೈಲಟ್‌ಗಳು ವರ್ಷಗಟ್ಟಲೆ ನಿದ್ದೆ ಕಳೆದುಕೊಳ್ಳುತ್ತಾರೆ. ಕಣ್ಣೆದುರು ಒಬ್ಬ ಮನುಷ್ಯ, ಕೈಯಲ್ಲಿ ಬ್ರೇಕು, ಮತ್ತು ಆ ಬ್ರೇಕು ಸಾಲದೆಂಬ ಅರಿವು. ಆ ಸೆಕೆಂಡುಗಳ ಬಗ್ಗೆ ನಾವು ಯೋಚಿಸುವುದೇ ಕಡಿಮೆ.

ಕಣ್ಣು ಕೈಕೊಟ್ಟರೆ ಕಿವಿ ಇದೆಯಲ್ಲ? ಇಲ್ಲಿ ಸ್ವಲ್ಪ ದೂರದ ದೇಶಕ್ಕೆ ಹೋಗಿಬರೋಣ. ಕೆನಡಾ, ಅಮೆರಿಕದ ಉತ್ತರ ಭಾಗಗಳಲ್ಲಿ ಚಳಿಗಾಲದಲ್ಲಿ ಜನ ಸ್ನೋಮೊಬೈಲ್ ಓಡಿಸುತ್ತಾರೆ. ಮುಂದೆ ಎರಡು ಜಾರುಪಟ್ಟಿ, ಹಿಂದೆ ಉರುಳುವ ರಬ್ಬರ್ ಪಟ್ಟಿ ಇರುವ ಹಿಮದ ಬೈಕು ಅದು. ಕಾಡಿನ ನಡುವಿನ ಅವರ ದಾರಿಗಳು ಅಲ್ಲಲ್ಲಿ ರೈಲು ಹಳಿ ದಾಟುತ್ತವೆ. ಹೊಸದಾಗಿ ಬಿದ್ದ ಹಿಮದ ಹರಳುಗಳ ನಡುವೆ ಗಾಳಿ ತುಂಬಿರುತ್ತದೆ, ಅದು ಸದ್ದನ್ನು ಹೀರಿಕೊಳ್ಳುತ್ತದೆ. ಹಿಮ ಹೊದ್ದ ಹಳಿಯ ಮೇಲೆ ರೈಲು ಸದ್ದು ಅಡಗಿಸಿಕೊಂಡೇ ಬರುತ್ತದೆ. ಸವಾರನ ತಲೆಗೆ ದಪ್ಪ ಹೆಲ್ಮೆಟ್, ಕಾಲಡಿಯಲ್ಲಿ ಗುರುಗುಟ್ಟುವ ಎಂಜಿನ್. ಹಳಿ ಎಲ್ಲಿದೆ ಎಂಬುದೇ ಹಿಮದಡಿ ಕಾಣುವುದಿಲ್ಲ, ಓರೆಯಾಗಿ ದಾಟಿದರೆ ಜಾರುಪಟ್ಟಿ ಹಳಿಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಕಲಿಸುವ ನಿಯಮ ಸರಳ: ಗೊತ್ತುಮಾಡಿದ ಜಾಗದಲ್ಲಿ ಮಾತ್ರ ದಾಟು, ಪೂರ್ತಿ ನಿಲ್ಲು, ಎಂಜಿನ್ ಸದ್ದು ಇಳಿಸಿ ಎರಡೂ ಕಡೆ ನೋಡಿ ಕೇಳು, ಒಬ್ಬೊಬ್ಬರಾಗಿ ನೇರ ದಾಟು. 1972ರಲ್ಲಿ ಅಮೆರಿಕದ ಐಡಹೊದಲ್ಲಿ ಶುರುವಾದ ‘ಆಪರೇಷನ್ ಲೈಫ್‌ಸೇವರ್’ ಎಂಬ ಜನಜಾಗೃತಿ ಇಂಥ ನಿಯಮಗಳನ್ನು ಅಲ್ಲಿ ಮನೆಮಾತಾಗಿಸಿತು.

ದಖ್ಖನಿನಲ್ಲಿ ಹಿಮ ಬೀಳುವುದಿಲ್ಲ. ಸದ್ದನ್ನು ಕದಿಯಲು ನಮ್ಮಲ್ಲಿ ಬಿಸಿಲಿದೆ. ಏಪ್ರಿಲ್ ಮಧ್ಯಾಹ್ನ ತಾಂಡೂರಿನ ಕಲ್ಲುನೆಲ ಕಾದಾಗ ನೆಲಕ್ಕೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ಬಹಳ ಬಿಸಿಯಾಗುತ್ತದೆ. ಬಿಸಿ ಗಾಳಿಯಲ್ಲಿ ಸದ್ದು ಬೇಗ ಸಾಗುತ್ತದೆ, ತಂಪು ಗಾಳಿಯಲ್ಲಿ ನಿಧಾನ. ಹೀಗಾಗಿ ಅಲೆ ತಂಪಿನ ಕಡೆಗೆ, ಅಂದರೆ ಮೇಲಕ್ಕೆ ಬಾಗಿ ನಮ್ಮ ತಲೆಯ ಮೇಲಿಂದ ಹಾರಿಹೋಗುತ್ತದೆ. ರಾತ್ರಿ ಇದಕ್ಕೆ ತಿರುಗುಮುರುಗು. ನೆಲ ತಣ್ಣಗಾಗಿ ಅಲೆ ಕೆಳಕ್ಕೆ ಬಾಗುತ್ತದೆ. ನಡುರಾತ್ರಿ ಮಲಗಿದವರಿಗೆ ಹರದಾರಿ ಆಚೆಯ ರೈಲಿನ ಸಿಳ್ಳೆ ಕಿವಿಯ ಬಳಿಯೇ ಕೇಳಿಸುವುದು ಈ ಕಾರಣಕ್ಕೆ. ರಾತ್ರಿಯ ಅನುಭವ ನಂಬಿ ಹಗಲು ಕಿವಿಗೊಟ್ಟು ನಿಂತರೆ ಮೋಸ ಹೋಗುತ್ತೇವೆ.

ಹಳೆಯ ಸದ್ದುಗಳೂ ಈಗ ಇಲ್ಲ. ತುಂಡು ತುಂಡು ಹಳಿಗಳ ಸಂದಿಯಲ್ಲಿ ಬರುತ್ತಿದ್ದ ಕಟಕಟ ಸದ್ದು ಬೆಸುಗೆ ಹಾಕಿದ ಉದ್ದ ಹಳಿಗಳಲ್ಲಿ ನಿಂತುಹೋಗಿದೆ. ಡೀಸೆಲ್ ಎಂಜಿನ್ನಿನ ಗುಡುಗು ವಿದ್ಯುತ್ ಎಂಜಿನ್ನಿನಲ್ಲಿ ಇಲ್ಲ. ಗೇಟಿಗೆ 600 ಮೀಟರ್ ಮೊದಲೇ ಹಳಿಯ ಬದಿ ಹಳದಿ ಫಲಕ ನಿಲ್ಲಿಸಿರುತ್ತಾರೆ, ಅಲ್ಲಿಂದ ಪೈಲಟ್ ಹಾರ್ನ್ ಹಾಕಬೇಕು. ನೂರರ ವೇಗದಲ್ಲಿ ಆ ದೂರ ಕ್ರಮಿಸಲು 22 ಸೆಕೆಂಡು ಸಾಕು. ಸದ್ದು ನಮ್ಮನ್ನು ಮುಟ್ಟುವ ಹೊತ್ತಿಗೆ ಅದರಲ್ಲಿ ಸುಮಾರು ಎರಡು ಸೆಕೆಂಡು ಕಳೆದಿರುತ್ತದೆ. ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ಉಳಿದದ್ದೂ ಹೋಯಿತು. 2018ರ ಏಪ್ರಿಲ್ 26ರಂದು ಉತ್ತರ ಪ್ರದೇಶದ ಕುಶಿನಗರದಲ್ಲಿ ಶಾಲಾ ವ್ಯಾನಿಗೆ ರೈಲು ಬಡಿದು 13 ಮಕ್ಕಳು ಸತ್ತರು. ಚಾಲಕನ ಕಿವಿಯಲ್ಲಿ ಇಯರ್‌ಫೋನ್ ಇತ್ತೆಂದು ಅಂದು ವರದಿಯಾಯಿತು.

ರೈಲೇ ಬಾರದಿದ್ದರೂ ಹಳಿ ಬೀಳಿಸಬಲ್ಲದು. ಗೇಟಿನ ರಸ್ತೆಯಲ್ಲಿ ಹಳಿಯ ಒಳಮಗ್ಗುಲಿಗೆ ಇನ್ನೊಂದು ಉಕ್ಕಿನ ಪಟ್ಟಿ ಹಾಕಿ, ನಡುವೆ ರೈಲು ಗಾಲಿಯ ಅಂಚು ಹೋಗಲು ಸಂದು ಬಿಟ್ಟಿರುತ್ತಾರೆ. ಅದರ ಅಗಲ ಐದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಸೈಕಲ್ ಟೈರು ಅದಕ್ಕಿಂತ ಕಿರಿದು. ಸೈಕಲ್ ರಿಕ್ಷಾದ ಗಾಲಿ, ತಳ್ಳುಗಾಡಿಯ ಗಾಲಿ ಓರೆಯಾಗಿ ಬಂದರೆ ಆ ಸಂದಿನೊಳಗೆ ಇಳಿದು ನಿಲ್ಲುತ್ತದೆ. ಸ್ಕೂಟರ್ ಟೈರು ಒಳಗೆ ಇಳಿಯುವುದಿಲ್ಲ, ಆದರೆ ಮಳೆಯಲ್ಲಿ ನೆನೆದ ಹಳಿಯ ಉಕ್ಕಿನ ಮೇಲೆ ಪಕ್ಕಕ್ಕೆ ಜಾರುತ್ತದೆ. ಅಮೆರಿಕದ ಟೆನೆಸ್ಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿ ಓರೆಯಾದ ಒಂದು ಹಳಿದಾಟಿನಲ್ಲಿ ಸೈಕಲ್ ಸವಾರರು ಬೀಳುವುದನ್ನು ಕ್ಯಾಮೆರಾ ಇಟ್ಟು ಅಧ್ಯಯನ ಮಾಡಿದರು. ಬಿದ್ದವರಲ್ಲಿ ಬಹುತೇಕರು ಹಳಿಯನ್ನು ಕಿರುಕೋನದಲ್ಲಿ ದಾಟಲು ಹೋಗಿದ್ದರು, 60 ಡಿಗ್ರಿಗಿಂತ ನೇರವಾಗಿ ಬಂದವರು ಕ್ಷೇಮವಾಗಿ ದಾಟಿದರು. ರಸ್ತೆಯೇ ಓರೆಯಾಗಿದ್ದರೆ ಸ್ವಲ್ಪ ಅಗಲಕ್ಕೆ ಹೋಗಿ ತಿರುಗಿಸಿ ಹಳಿಗೆ ನೆಟ್ಟಗೆ ಬರಬೇಕು. ಹಳಿಯ ಮೇಲೆ ಬ್ರೇಕ್ ಒತ್ತಬಾರದು, ಗೇರು ಬದಲಿಸಬಾರದು, ಹ್ಯಾಂಡಲ್ ತಿರುಗಿಸಬಾರದು. ಹಿಂಬದಿಗೆ ಎರಡು ಮೂಟೆ ಕಟ್ಟಿಕೊಂಡ ಸ್ಕೂಟರಿಗಂತೂ ಈ ಮಾತು ಎರಡು ಪಟ್ಟು ಸತ್ಯ. ಭಾರ ಹಿಂದಿದ್ದಷ್ಟೂ ಮುಂದಿನ ಗಾಲಿ ಹಗುರಾಗಿ ಹಿಡಿತ ತಪ್ಪುತ್ತದೆ.

ತಲೆಯ ಮೇಲೂ ಗಮನವಿರಲಿ. ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತದೆ, ಮನೆಯ ವಿದ್ಯುತ್ತಿನ ನೂರು ಪಟ್ಟಿಗಿಂತ ಹೆಚ್ಚು. ಮುಟ್ಟಲೇಬೇಕೆಂದಿಲ್ಲ, ತೀರಾ ಸಮೀಪಿಸಿದರೆ ಗಾಳಿಯಲ್ಲೇ ಕಿಡಿ ಹಾರಿಬರುತ್ತದೆ. ಗೇಟಿನ ಎರಡೂ ಬದಿಗೆ ಅಡ್ಡಪಟ್ಟಿಯ ಕಮಾನು ನಿಲ್ಲಿಸಿರುವುದು ಎತ್ತರದ ಲಾರಿಗಳನ್ನು ತಡೆಯಲು. ಪೇಟೆಯಿಂದ ಅಲ್ಯೂಮಿನಿಯಂ ಏಣಿ, ಕೊಳವೆ, ಕಬ್ಬಿಣದ ಸರಳು ಒಯ್ಯುವವರು ಅವನ್ನು ನೆಟ್ಟಗೆ ಹಿಡಿದು ಹಳಿ ದಾಟಲೇಬಾರದು. ಅಡ್ಡ ಮಲಗಿಸಿ ಒಯ್ಯಬೇಕು.

ಹಾಗಾದರೆ ಗೇಟು ಎಂದರೇನು? ನಮ್ಮ ಕಣ್ಣು ಕಿವಿಗಳ ಬದಲಿಗೆ ನಿರ್ಧಾರ ತೆಗೆದುಕೊಳ್ಳುವ ಯಂತ್ರ ಅದು. ಗೇಟು ಬಿದ್ದು ಎಷ್ಟು ಹೊತ್ತಾದರೂ ರೈಲಿನ ಸುಳಿವಿಲ್ಲ ಎಂದು ಬೈಯದವರಿಲ್ಲ. ಅದಕ್ಕೆ ಕಾರಣ ಬ್ರೇಕಿನ ಲೆಕ್ಕದಲ್ಲೇ ಇದೆ. ಇಂಟರ್‌ಲಾಕ್ ಆದ ಗೇಟಿನಲ್ಲಿ ಕಂಬ ಕೆಳಗಿಳಿದು ಬೀಗ ಬೀಳುವವರೆಗೆ ರೈಲಿಗೆ ಹಸಿರು ಸಿಗ್ನಲ್ ಕೊಡಲು ಸಾಧ್ಯವೇ ಇಲ್ಲ, ವ್ಯವಸ್ಥೆ ಒಪ್ಪುವುದಿಲ್ಲ. ಆ ಸಿಗ್ನಲ್ ಹಸಿರಾಗಿದೆ ಎಂದು ಅದಕ್ಕೂ ಒಂದು ಕಿಲೋಮೀಟರ್ ಹಿಂದಿರುವ ಡಿಸ್ಟೆಂಟ್ ಸಿಗ್ನಲ್ ಪೈಲಟ್‌ಗೆ ಮೊದಲೇ ತಿಳಿಸಬೇಕು, ಇಲ್ಲದಿದ್ದರೆ ಅವರು ವೇಗ ಇಳಿಸತೊಡಗುತ್ತಾರೆ. ಅಂದರೆ ರೈಲು ಎರಡು ಮೂರು ಕಿಲೋಮೀಟರ್ ಆಚೆ ಇರುವಾಗಲೇ ಗೇಟಿಗೆ ಬೀಗ ಬಿದ್ದಿರಬೇಕು. ಐವತ್ತರ ವೇಗದಲ್ಲಿ ಬರುವ ಗೂಡ್ಸ್‌ಗೆ ಅಷ್ಟು ದೂರಕ್ಕೆ ಮೂರು ನಿಮಿಷದಷ್ಟು ಬೇಕು. ಅದರ ಹಿಂದೆಯೇ ಎದುರು ದಿಕ್ಕಿನಿಂದ ಇನ್ನೊಂದು ಬರುವುದಿದ್ದರೆ ಗೇಟು ಎತ್ತುವುದಿಲ್ಲ. ಮೊದಲ ರೈಲಿನ ಕೊನೆಯ ಡಬ್ಬಿ ಹೋದದ್ದೇ ತಡ, ಕಂಬದಡಿ ಬೈಕು ಬಗ್ಗಿಸಿ ನುಗ್ಗುವವರನ್ನು ಕೊಲ್ಲುವುದು ಈ ಎರಡನೇ ರೈಲು. ಮೊದಲ ರೈಲಿನ ಮೈ ಅದನ್ನು ಮರೆಮಾಡಿರುತ್ತದೆ, ಅದರ ಸದ್ದು ಇದರ ಸದ್ದನ್ನು ನುಂಗಿರುತ್ತದೆ. ನಿಲ್ದಾಣದಲ್ಲಿ ನಿಂತ ರೈಲಿನ ಹಿಂದಿನಿಂದ ಗಂಟು ಹೊತ್ತು ಆಚೆ ಹಳಿಗೆ ಕಾಲಿಡುವವರಿಗೂ ಇದೇ ಗತಿ.

ತೆಲಂಗಾಣ ಈ ಪಾಠಕ್ಕೆ ಬಹಳ ದೊಡ್ಡ ಬೆಲೆ ತೆತ್ತಿದೆ. 2014ರ ಜುಲೈ 24ರ ಬೆಳಿಗ್ಗೆ ಮೇದಕ್ ಜಿಲ್ಲೆಯ ಮಾಸಾಯಿಪೇಟೆಯಲ್ಲಿ, ಗೇಟಿಲ್ಲದ ಹಳಿದಾಟಿನಲ್ಲಿ ಶಾಲಾ ಬಸ್ಸಿಗೆ ನಾಂದೇಡ್–ಸಿಕಂದರಾಬಾದ್ ಪ್ಯಾಸೆಂಜರ್ ಬಡಿಯಿತು. ಹತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಹೊಸ ರಾಜ್ಯ ಹುಟ್ಟಿ ಎರಡು ತಿಂಗಳೂ ತುಂಬಿರಲಿಲ್ಲ. ಕಾವಲಿಲ್ಲದ ಗೇಟಿನಲ್ಲಿ ವಾಹನ ನಿಲ್ಲಿಸಿ, ಸಹಾಯಕನನ್ನು ಇಳಿಸಿ ಅಥವಾ ತಾನೇ ಇಳಿದು ಎರಡೂ ಕಡೆ ನೋಡಿದ ಮೇಲೆಯೇ ದಾಟಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 131ನೇ ಕಲಮು ಹೇಳುತ್ತದೆ. ಸೀಟಿನಲ್ಲಿ ಕುಳಿತ ಕಣ್ಣನ್ನು ಕಾನೂನೇ ನಂಬುವುದಿಲ್ಲ. ಆದರೆ ಕಾನೂನು ಓದಿ ಅಪಘಾತ ನಿಲ್ಲಲಿಲ್ಲ, ಗೇಟಿಲ್ಲದ ದಾಟುಗಳನ್ನೇ ತೆಗೆದುಹಾಕಿದಾಗ ನಿಂತಿತು. 2014–15ರಲ್ಲಿ ಅಂಥ ಕಡೆಗಳಲ್ಲಿ 50 ಅಪಘಾತಗಳಾಗಿದ್ದವು, 2017–18ಕ್ಕೆ ಹತ್ತಕ್ಕೆ ಇಳಿದವು. 2019ರ ಜನವರಿ 31ರ ಹೊತ್ತಿಗೆ ದೇಶದ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಒಂದೂ ಗೇಟು ಉಳಿಯಲಿಲ್ಲ. ನಮ್ಮ ರೈಲ್ವೆ ಈ ಕಾಲದಲ್ಲಿ ಮಾಡಿದ ಅತ್ಯಂತ ಮಾನವೀಯ ಕೆಲಸ ಇದು ಎಂಬುದು ನನ್ನ ಅಭಿಪ್ರಾಯ. ಹೊಸ ರೈಲಿಗೆ ಬಾವುಟ ತೋರಿಸಿದಾಗ ಆಗುವ ಸಂಭ್ರಮದ ಕಾಲುಭಾಗವೂ ಇದಕ್ಕೆ ಸಿಗಲಿಲ್ಲ.

ಕೆಲಸ ಮುಗಿದಿಲ್ಲ ಎಂಬುದನ್ನು ತಮಿಳುನಾಡಿನ ಕಡಲೂರು ಬಳಿಯ ಸೆಮ್ಮಂಕುಪ್ಪಂ 2025ರ ಜುಲೈ 8ರಂದು ತೋರಿಸಿತು. ಅಲ್ಲಿ ಗೇಟೂ ಇತ್ತು, ಗೇಟ್‌ಮನ್ನೂ ಇದ್ದರು. ಗೇಟಿಗೂ ಸಿಗ್ನಲಿಗೂ ಇಂಟರ್‌ಲಾಕ್ ಇರಲಿಲ್ಲ. ಶಾಲಾ ವ್ಯಾನಿಗೆ ಪ್ಯಾಸೆಂಜರ್ ರೈಲು ಬಡಿದು ಮೂವರು ಮಕ್ಕಳು ಸತ್ತರು. ಒಬ್ಬ ಮನುಷ್ಯನ ಎಚ್ಚರದ ಮೇಲೆ ಮಾತ್ರ ನಿಂತ ಸುರಕ್ಷತೆ ಒಂದಲ್ಲ ಒಂದು ದಿನ ಕುಸಿಯುತ್ತದೆ.

ಈ ದಿಕ್ಕಿನಲ್ಲಿ ಒಂದು ಮಹತ್ವದ ಪ್ರಯೋಗ ನಡೆದದ್ದು ಕನ್ನಡಿಗರು ಬೇಗಂ ಬಜಾರ್‌ಗೆ ಬರುವ ಅದೇ ಹಳಿಗಳ ಮೇಲೆ. ‘ಕವಚ್’ ಎಂಬ ಸ್ವಯಂಚಾಲಿತ ರಕ್ಷಣಾ ವ್ಯವಸ್ಥೆಯ ಮೊದಲ ಪರೀಕ್ಷೆಗಳು ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಮಾರ್ಗದಲ್ಲಿ ನಡೆದವು. ಪ್ರಯಾಣಿಕರ ರೈಲಿನಲ್ಲಿ ಪರೀಕ್ಷೆ 2016ರ ಫೆಬ್ರುವರಿಯಲ್ಲಿ ಶುರುವಾಯಿತು. 2022ರ ಮಾರ್ಚ್ 4ರಂದು ಇದೇ ಸೀಮೆಯ ಗುಲ್ಲಗೂಡ ಮತ್ತು ಚಿಟಿಗಿಡ್ಡ ನಿಲ್ದಾಣಗಳ ನಡುವೆ ರೈಲ್ವೆ ಸಚಿವರು ಎಂಜಿನ್ನಿನಲ್ಲಿ ಕುಳಿತು ಅದರ ಪ್ರಾತ್ಯಕ್ಷಿಕೆ ನೋಡಿದರು. ಎರಡು ರೈಲುಗಳು ಎದುರುಬದುರಾಗದಂತೆ ತಡೆಯುವ ಅದರ ಗುಣವೇ ಸುದ್ದಿಯಾಯಿತು. ಈ ಅಧ್ಯಾಯಕ್ಕೆ ಬೇಕಾದದ್ದು ಅದರ ಇನ್ನೊಂದು ಗುಣ: ಗೇಟು ಹತ್ತಿರ ಬಂದಾಗ ಪೈಲಟ್ ಮರೆತರೂ ಎಂಜಿನ್ ತಾನಾಗಿ ಹಾರ್ನ್ ಹಾಕುತ್ತದೆ. ಹಾರ್ನ್ ಹಾಕಬಹುದು, ಆದರೆ ಬ್ರೇಕಿನ ದೂರವನ್ನು ಕವಚ್ ಕೂಡ ಬದಲಿಸಲಾರದು. ಹಳಿಗೆ ಅಡ್ಡ ನಿಂತ ಸ್ಕೂಟರ್ ಅದಕ್ಕೆ ಕಾಣುವುದೂ ಇಲ್ಲ.

ಕೊನೆಗೆ, ಗಾಡಿ ಹಳಿಯ ಮೇಲೆ ಕೆಟ್ಟು ನಿಂತರೆ ಏನು ಮಾಡಬೇಕು ಎಂಬುದನ್ನು ಪ್ರತಿಯೊಬ್ಬರೂ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಮೊದಲು ಜನ ಇಳಿಯಬೇಕು. ಸರಕು ಅಲ್ಲೇ ಇರಲಿ. ಇಳಿದವರು ಹಳಿಯಿಂದ ಓರೆಯಾಗಿ, ರೈಲು ಬರುವ ದಿಕ್ಕಿಗೆ ಮುಖ ಮಾಡಿ ದೂರ ಓಡಬೇಕು. ರೈಲು ಬಡಿದಾಗ ಗಾಡಿಯ ಚೂರುಗಳು ಸಿಡಿಯುವುದು ರೈಲು ಹೋಗುವ ದಿಕ್ಕಿಗೆ. ಅದೇ ದಿಕ್ಕಿಗೆ ಓಡಿದವರನ್ನು ಅವು ಬೆನ್ನಟ್ಟಿ ಬಡಿಯುತ್ತವೆ. ಗೇಟ್‌ಮನ್‌ಗೆ ತಕ್ಷಣ ಕೂಗಿ ಹೇಳಬೇಕು. ಅವರ ಬಳಿ ಕೆಂಪು ಬಾವುಟ, ಕೆಂಪು ದೀಪ, ಹಳಿಗೆ ಕಟ್ಟುವ ಸಿಡಿಮದ್ದು ಇರುತ್ತವೆ. ಅಪಾಯದ ಜಾಗದಿಂದ 600 ಮೀಟರ್ ದೂರದಲ್ಲಿ ಒಂದು, 1,200 ಮೀಟರ್ ದೂರದಲ್ಲಿ ಮೂರು ಸಿಡಿಮದ್ದು ಇಡಬೇಕೆಂಬುದು ಅವರ ನಿಯಮ. ಗಾಲಿ ಅದರ ಮೇಲೆ ಹರಿದಾಗ ಆಗುವ ಸ್ಫೋಟ ಕೇಳಿ ಪೈಲಟ್ ಬ್ರೇಕ್ ಹಾಕುತ್ತಾರೆ. ಒಬ್ಬ ಮನುಷ್ಯ 1,200 ಮೀಟರ್ ಓಡಲು ಐದಾರು ನಿಮಿಷ ಬೇಕು. ಗಾಡಿ ನೂಕಿ ನೋಡೋಣ ಎಂದು ನಾವು ಕಳೆಯುವ ಪ್ರತಿ ನಿಮಿಷ ಅವರ ಓಟದಿಂದ ಕಳೆದದ್ದು. ಅದರ ಜೊತೆಗೆ ರೈಲ್ವೆಯ ಸಹಾಯವಾಣಿ 139ಕ್ಕೆ ಒಂದು ಕರೆ ಹೋಗಲಿ.

ಬೇಗಂ ಬಜಾರ್‌ನಿಂದ ಪಾತ್ರೆ ಹೊತ್ತು ಊರಿಗೆ ಹೊರಟ ಅಕ್ಕಂದಿರಲ್ಲಿ, ಅಣ್ಣಂದಿರಲ್ಲಿ ನನ್ನದೊಂದು ಕೇಳಿಕೆ. ಹಳಿಯ ಮೇಲೆ ರೈಲು ಕಾಣುತ್ತಿದ್ದರೆ ಅದು ಎಷ್ಟು ದೂರ ಇದೆ ಎಂದು ಅಳೆಯಲು ಹೋಗಬೇಡಿ. ಗಂಟು ಕೆಳಗಿಳಿಸಿ ನಿಲ್ಲಿ. ಅದು ಹೋದ ಮೇಲೆ ಆಚೆಯ ಹಳಿಯನ್ನು ಎರಡೂ ಕಡೆ ನೋಡಿ, ಗೇಟು ಎತ್ತಿದ ಮೇಲೆ ದಾಟಿ. ಮೇಲ್ಸೇತುವೆ ಇದ್ದ ಕಡೆ, ಕಾಲು ನೊಂದರೂ, ಮೆಟ್ಟಿಲು ಹತ್ತಿ.